ಮನೆ ನೋಡಲು ಬರುವವರು ನೆರವನ್ನೂ ತರಲಿ

ಗೆ,
ಸನ್ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುವ ಪ್ರಕರಣಗಳಲ್ಲಿ ನಡೆಯುವ ಮನೆ ಭೇಟಿ ಮತ್ತು ಆ ಕುಟುಂಬಗಳಿಗೆ ಸಿಗಬೇಕಾದ ನೆರವಿನ ಬಗ್ಗೆ.

ಮಾನ್ಯರೇ,

ಸರ್ಕಾರಕ್ಕೆ ಒಂದು ಎಕರೆ ಜಮೀನು ಬೇಕಾದರೆ ಮಾಲೀಕನಿಗೆ ನೋಟಿಸು ಹೋಗುತ್ತದೆ, ಆಕ್ಷೇಪಣೆಗೆ ಕಾಲಾವಕಾಶ ಸಿಗುತ್ತದೆ, ಸರ್ವೆಯವರು ಬಂದು ಗಡಿ ಅಳೆಯುತ್ತಾರೆ. ಮಗುವನ್ನು ಹೆತ್ತವರ ಕೈಯಿಂದ ಬಿಡಿಸಿ ಬಾಲಮಂದಿರದಲ್ಲಿ ಇರಿಸುವುದು ಜಮೀನು ತೆಗೆದುಕೊಳ್ಳುವುದಕ್ಕಿಂತ ಎಷ್ಟೋ ದೊಡ್ಡ ವಿಷಯ. ಅಂಥ ತೀರ್ಮಾನ ಬಹುಮಟ್ಟಿಗೆ ನಿಂತಿರುವುದು ಒಬ್ಬ ಸಮಾಜ ಕಾರ್ಯಕರ್ತರು ಆ ಮನೆಗೆ ಹೋಗಿ ಬಂದು ಬರೆಯುವ ವರದಿಯ ಮೇಲೆ. ಆ ಭೇಟಿ ಯಾವ ಹೊತ್ತಿನಲ್ಲಿ ನಡೆಯುತ್ತದೆ, ಯಾರನ್ನು ಮಾತಾಡಿಸುತ್ತಾರೆ, ಏನು ಕೇಳುತ್ತಾರೆ, ಕೇಳಿದ ಮೇಲೆ ಆ ಕುಟುಂಬಕ್ಕೆ ಯಾವ ದಾರಿ ತೋರಿಸಿ ಬರುತ್ತಾರೆ ಎಂಬುದರ ಬಗ್ಗೆ ನನ್ನ ದೂರು ಇದೆ. ಇದು ಒಂದು ಮನೆಯ ಸಂಕಟವಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಅರ್ಜಿ, ಅಫಿಡವಿಟ್ಟು, ಮನವಿ ಬರೆದುಕೊಡುವುದು ನನ್ನ ಕಸುಬು. ವಿಧವಾ ವೇತನ, ಪಡಿತರ ಚೀಟಿ, ಖಾತೆ ಬದಲಾವಣೆಗೆಂದು ಬರುವವರ ನಡುವೆ ಮಗುವನ್ನು ವಾಪಸು ಕೊಡಿಸಿ ಎಂಬ ಅರ್ಜಿ ಬರೆಸಲು ಬರುವವರೂ ಇರುತ್ತಾರೆ. ಶಿವಮೊಗ್ಗ, ಭದ್ರಾವತಿಯವರಷ್ಟೇ ಅಲ್ಲ, ಆಸ್ಪತ್ರೆಗೆಂದೋ ನೆಂಟರ ಮನೆಗೆಂದೋ ಊರಿಗೆ ಬಂದ ಬೇರೆ ಜಿಲ್ಲೆಗಳವರೂ ಬರುತ್ತಾರೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಅದು ಸರಿಯಾದ ಕಟ್ಟಳೆ. ಹಾಗಾಗಿ ಮುಂದೆ ಹೇಳುವ ಪ್ರಕರಣ ಯಾವ ಊರಿನದು, ಯಾವ ಜಿಲ್ಲೆಯದು, ಯಾವ ಕಚೇರಿಯದು ಎಂದು ನಾನು ಬರೆಯುವುದಿಲ್ಲ. ಒಬ್ಬ ನೌಕರರ ಮೇಲೆ ಕ್ರಮವಾಗಲಿ ಎಂಬುದು ನನ್ನ ಉದ್ದೇಶವೂ ಅಲ್ಲ. ಕೆಲಸ ನಡೆಯುವ ರೀತಿ ಬದಲಾಗಬೇಕು, ಅಷ್ಟೇ.

ಆ ತಾಯಿಗೆ ಇಬ್ಬರು ಮಕ್ಕಳು. ಗಂಡ ತೀರಿಕೊಂಡಿದ್ದಾರೆ. ಕಲ್ಯಾಣ ಮಂಟಪಗಳಲ್ಲಿ ಅಡುಗೆಯವರ ಕೈಕೆಳಗೆ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಆಕೆಯ ಕೆಲಸ. ಮದುವೆ ಮನೆಯ ಅಡುಗೆ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಅಂಥ ರಾತ್ರಿಗಳಲ್ಲಿ ಹತ್ತು ವರ್ಷದ ಮಗಳು ಏಳು ವರ್ಷದ ತಮ್ಮನಿಗೆ ಊಟ ಹಾಕಿ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಬೇಕಿತ್ತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಕರೆ ಮಾಡಿದವರದು ತಪ್ಪೆಂದು ನಾನು ಹೇಳುವುದಿಲ್ಲ. ರಾತ್ರಿಯಿಡೀ ಎರಡು ಮಕ್ಕಳೇ ಇರುವ ಮನೆಯ ಬಗ್ಗೆ ಯಾರಾದರೂ ಯೋಚನೆ ಮಾಡಲೇಬೇಕು. ಮಕ್ಕಳನ್ನು ಸಮಿತಿಯ ಮುಂದೆ ಹಾಜರುಪಡಿಸಿದರು. ವಿಚಾರಣೆ ಮುಗಿಯುವವರೆಗೆಂದು ಅಕ್ಕನನ್ನು ಬಾಲಕಿಯರ ಬಾಲಮಂದಿರಕ್ಕೂ ತಮ್ಮನನ್ನು ಬಾಲಕರ ಬಾಲಮಂದಿರಕ್ಕೂ ಕಳಿಸಿದರು.

ಮನೆ ಭೇಟಿ ನಡೆದದ್ದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ತಾಯಿ ಕೆಲಸದಲ್ಲಿದ್ದರು, ಬಾಗಿಲಿಗೆ ಬೀಗ ಬಿದ್ದಿತ್ತು. ಬಂದವರು ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಹೋದರು. ಆ ಮನೆಗೂ ಈ ಮನೆಗೂ ಬೀದಿ ನಲ್ಲಿಯ ಸರದಿ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ತಾಯಿ ರಾತ್ರಿ ಮನೆಯಲ್ಲಿ ಇರುವುದಿಲ್ಲ, ಎಲ್ಲಿಗೆ ಹೋಗುತ್ತಾಳೋ ಗೊತ್ತಿಲ್ಲ, ಬೆಳಗಿನ ಜಾವ ಯಾರೋ ಗಂಡಸು ಬೈಕಿನಲ್ಲಿ ತಂದು ಬಿಡುತ್ತಾನೆ ಎಂಬ ಮಾತು ವರದಿಗೆ ಸೇರಿತು. ಬೈಕಿನಲ್ಲಿ ತಂದು ಬಿಡುತ್ತಿದ್ದವನು ಅಡುಗೆ ಕಾಂಟ್ರಾಕ್ಟರ ಕಡೆಯ ಹುಡುಗ. ಕತ್ತಲಲ್ಲಿ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ನಡೆಸಿ ಕಳಿಸಬಾರದೆಂದು ಕಾಂಟ್ರಾಕ್ಟರು ಮಾಡಿದ್ದ ಏರ್ಪಾಡು ಅದು. ಇದನ್ನು ಹೇಳಬಲ್ಲವರು ಅವರು ಮತ್ತು ಆ ತಾಯಿ. ಇಬ್ಬರನ್ನೂ ಯಾರೂ ಕೇಳಲಿಲ್ಲ.

ಆಕೆ ನನ್ನ ಅಂಗಡಿಗೆ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು ಇತ್ತು. ಬಿಪಿಎಲ್ ಕಾರ್ಡು, ಗಂಡನ ಮರಣ ಪ್ರಮಾಣಪತ್ರ, ಮಕ್ಕಳ ಆಧಾರ್, ಮಗಳ ಪ್ರಗತಿ ಪತ್ರ, ಮಗನ ತಾಯಿ ಕಾರ್ಡು ಒಂದೊಂದಾಗಿ ಟೇಬಲ್ಲಿನ ಮೇಲೆ ಇಟ್ಟರು. ತಾಯಿ ಕಾರ್ಡಿನಲ್ಲಿ ಒಂದು ಲಸಿಕೆಯೂ ತಪ್ಪಿರಲಿಲ್ಲ. ಮಗಳು ಶಾಲೆ ಬಿಟ್ಟ ದಿನ ತೀರಾ ಕಡಿಮೆ. ಒಂದು ಮನೆಯಲ್ಲಿ ಮಕ್ಕಳನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಗಟ್ಟಿಯಾದ ದಾಖಲೆ ಯಾವುದಿದೆ? ಅಷ್ಟೂ ಆ ಮನೆಯೊಳಗಿನ ಟ್ರಂಕಿನಲ್ಲಿದ್ದವು. ಬೀಗ ಹಾಕಿದ ಬಾಗಿಲ ಮುಂದೆ ನಿಂತು ಹೋದವರಿಗೆ ಕಾಣಲಿಲ್ಲ. "ಅಣ್ಣ, ಎಲ್ಲಿಗೆ ಹೋಗ್ತೀಯಾ ಅಂತ ನನ್ನೇ ಕೇಳಿದ್ರೆ ನಾನೇ ಹೇಳ್ತಿದ್ದೆ. ಅವ್ರು ಕೇಳ್ಲೇ ಇಲ್ವಲ್ಲ" ಎಂದರು. ಅರ್ಜಿಯಲ್ಲಿ ನಾನು ಬರೆದದ್ದೂ ಇಷ್ಟೇ: ದಯವಿಟ್ಟು ನಾನು ಮನೆಯಲ್ಲಿರುವ ಹೊತ್ತಿಗೆ ಇನ್ನೊಮ್ಮೆ ಬಂದು ನೋಡಿ.

ಸಮಿತಿ ಆ ಅರ್ಜಿಯನ್ನು ಪರಿಗಣಿಸಿತು, ಮತ್ತೆ ಮನೆ ನೋಡಿ ಬರಲು ಹೇಳಿತು. ಈ ಸಲ ಬಂದವರು ಬೇರೊಬ್ಬ ಯುವತಿ. ಮುಂಚೆಯೇ ಫೋನು ಮಾಡಿ ಸಂಜೆ ಬಂದರು, ಒಳಗೆ ಚಾಪೆಯ ಮೇಲೆ ಕೂತರು, ಟ್ರಂಕಿನ ಕಾಗದಗಳನ್ನು ನೋಡಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ಮದುವೆ ಕೆಲಸ ಇರುವ ರಾತ್ರಿ ಮಕ್ಕಳ ಜೊತೆ ಮಲಗಲು ನಿಮ್ಮವರು ಯಾರಾದರೂ ಇದ್ದಾರಾ? ಎರಡು ಬೀದಿಯಾಚೆ ಆಕೆಯ ಚಿಕ್ಕಮ್ಮ ಇದ್ದರು. ಚಿಕ್ಕಮ್ಮನಿಗೆ ಮನಸ್ಸಿತ್ತು, ಇನ್ನೆರಡು ಹೊಟ್ಟೆಗೆ ಹಾಕುವ ಶಕ್ತಿ ಇರಲಿಲ್ಲ. ಆ ಯುವತಿ ಚಿಕ್ಕಮ್ಮನ ಮನೆಗೂ ಹೋದರು, ಮಗಳ ಶಾಲೆಯ ಮೇಷ್ಟ್ರನ್ನೂ ಕಂಡರು, ನೆರವಿನ ದುಡ್ಡಿಗಾಗಿ ಪ್ರಾಯೋಜಕತ್ವದ ಅರ್ಜಿಯನ್ನೂ ಭರ್ತಿ ಮಾಡಿಸಿದರು. ಮಕ್ಕಳು ಮನೆಗೆ ಬಂದರು. ಅಷ್ಟರಲ್ಲಿ ಮಗಳಿಗೆ ಅರ್ಧವಾರ್ಷಿಕ ಪರೀಕ್ಷೆ ತಪ್ಪಿತ್ತು. ತಮ್ಮ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದ್ದ, ತಾಯಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಕಾಯುತ್ತಿದ್ದ.

ಮನೆ ಅದೇ, ತಾಯಿ ಅದೇ, ಬಡತನವೂ ಅದೇ. ಮೊದಲ ಭೇಟಿ ಆ ಮನೆಯಲ್ಲಿ ತಪ್ಪು ಹುಡುಕಿತು, ಎರಡನೆಯದು ಮಕ್ಕಳ ಜೊತೆ ರಾತ್ರಿ ಇರಲು ಯಾರಿದ್ದಾರೆಂದು ಹುಡುಕಿತು. ಎರಡನೆಯ ಭೇಟಿಯಲ್ಲಿ ನಡೆದದ್ದು ಮೊದಲನೆಯದರಲ್ಲೇ ನಡೆಯಬೇಕು ಎಂಬುದೇ ಈ ಪತ್ರದ ತಾತ್ಪರ್ಯ.

ಇದನ್ನು ದಯೆಯೆಂದು ಕೇಳುತ್ತಿಲ್ಲ, ಕಾಯ್ದೆಯೇ ಹೀಗೆ ಹೇಳುತ್ತದೆ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015 ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅದರ 3ನೇ ಕಲಮಿನಲ್ಲಿ ಇಡೀ ಕಾಯ್ದೆಗೆ ಬುನಾದಿಯಾದ ತತ್ವಗಳಿವೆ. ಮಗುವನ್ನು ಸಾಕಿ ಸಲಹುವ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ, ಅದೂ ತಕ್ಕ ವಿಚಾರಣೆ ನಡೆಸಿದ ಮೇಲೆ. 31ನೇ ಕಲಂ ಪ್ರಕಾರ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. 36ನೇ ಕಲಂ ಪ್ರಕಾರ ಸಾಮಾಜಿಕ ತನಿಖೆ 15 ದಿನದೊಳಗೆ ಮುಗಿಯಬೇಕು, ಮಗು ಮೊದಲ ಸಲ ಹಾಜರಾದ ದಿನದಿಂದ 4 ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. 40ನೇ ಕಲಂ ಮಗುವನ್ನು ಕುಟುಂಬಕ್ಕೆ ಮರಳಿಸುವುದೇ ಬಾಲಮಂದಿರದ ಮುಖ್ಯ ಗುರಿ ಎನ್ನುತ್ತದೆ. ಮನೆಯವರನ್ನೇ ಮಾತಾಡಿಸದೆ ಬರೆದ ವರದಿಯನ್ನು ತಕ್ಕ ವಿಚಾರಣೆ ಎಂದು ಒಪ್ಪಲು ಈ ಕಲಮುಗಳಲ್ಲಿ ಎಲ್ಲೂ ಆಸ್ಪದವಿಲ್ಲ.

ನೆರವಿನ ದುಡ್ಡು ಕೂಡ ಇದೇ ಕಾಯ್ದೆಯ 45ನೇ ಕಲಮಿನಲ್ಲಿದೆ. ಅದನ್ನು ಪ್ರಾಯೋಜಕತ್ವ ಎನ್ನುತ್ತಾರೆ. ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದಿದೆ. ಗಂಡ ತೀರಿಕೊಂಡ, ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳು, ನೆಂಟರ ಮನೆಯಲ್ಲಿ ಬೆಳೆಯುವ ತಬ್ಬಲಿಗಳು, ದೊಡ್ಡ ಕಾಯಿಲೆ ಬಿದ್ದವರ ಮಕ್ಕಳು, ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವರಮಾನದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000. ಅಂದರೆ ಪಟ್ಟಣದಲ್ಲಿ ತಿಂಗಳಿಗೆ 8,000 ದುಡಿಯುವ ತಾಯಿಗೆ ಇಬ್ಬರು ಮಕ್ಕಳಿಂದ ಮತ್ತೆ 8,000 ಸೇರಬಹುದು. ರಾತ್ರಿ ಕೆಲಸ ಬಿಡಲು, ಚಿಕ್ಕಮ್ಮನ ಮನೆಗೆ ಅಕ್ಕಿ ಬೇಳೆ ಕೊಡಲು ಅದು ಸಾಕು. ಮೊದಲ ಭೇಟಿಯ ದಿನ ಆ ತಾಯಿಗೆ ಈ ಯೋಜನೆಯ ಹೆಸರು ಕೂಡ ಗೊತ್ತಿರಲಿಲ್ಲ, ಹೇಳಲು ಯಾರೂ ಸಿಗಲಿಲ್ಲ. ಅರ್ಜಿ ಬರೆಸಲು ಬರುವವರಲ್ಲಿ ಇದನ್ನು ಕೇಳಿ ಬಲ್ಲವರು ನನಗೆ ಕಂಡದ್ದು ವಿರಳ.

ಸಾಮಾಜಿಕ ತನಿಖಾ ವರದಿಗೆ ನಿಯಮಗಳಲ್ಲಿ ಒಂದು ನಮೂನೆಯೇ ಇದೆ. ಮನೆಯವರ ವಯಸ್ಸು, ಕೆಲಸ, ವರಮಾನ, ಆರೋಗ್ಯ, ಚಟ ಎಲ್ಲವನ್ನೂ ಅದು ಕೇಳುತ್ತದೆ. ತಂದೆ ತಾಯಿಯ ಸಂಬಂಧ ಹೇಗಿದೆ ಎಂಬುದಕ್ಕೆ ಸೌಹಾರ್ದ, ಸೌಹಾರ್ದವಲ್ಲ, ಗೊತ್ತಿಲ್ಲ ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹನ್ನೆರಡು ವರ್ಷದ ಸಂಸಾರವನ್ನು ಹಾಗೆ ಒಂದು ಗುರುತಿನಲ್ಲಿ ಹೇಳಿ ಮುಗಿಸಲು ಯಾರಿಂದಲೂ ಆಗದು. ಆದರೆ ನಮೂನೆಯ ಕೊನೆಯಲ್ಲಿ ಮಗುವಿನ ಪುನರ್ವಸತಿಗೆ ಏನು ಮಾಡಬೇಕೆಂದು ಶಿಫಾರಸು ಬರೆಯುವ ಜಾಗವೂ ಇದೆ. ಇಡೀ ವರದಿಯಲ್ಲಿ ನನಗೆ ಮುಖ್ಯವೆನಿಸುವುದು ಆ ಜಾಗವೇ. ಈ ಕುಟುಂಬದಲ್ಲಿ ಏನು ಕೊರತೆ ಇದೆ, ಅದನ್ನು ಯಾವ ಯೋಜನೆಯಿಂದ, ಯಾರ ನೆರವಿನಿಂದ ತುಂಬಬಹುದು ಎಂದು ಅಲ್ಲಿ ವಿವರವಾಗಿ ಬರೆದರೆ ಸಮಿತಿಯವರಿಗೆ ಆಯ್ಕೆ ಇರುತ್ತದೆ. ಕೊರತೆಗಳನ್ನು ಮಾತ್ರ ಬರೆದುಕೊಟ್ಟರೆ ಅವರ ಮುಂದೆ ಉಳಿಯುವುದು ಬಾಲಮಂದಿರವೊಂದೇ.

ಮನೆ ನೋಡಲು ಹೋಗುವವರ ಕಷ್ಟವೂ ನನಗೆ ಗೊತ್ತು. ಅವರ ಪ್ರಯಾಣ ಭತ್ಯೆಯ ಬಿಲ್ಲುಗಳನ್ನೂ ನಾನು ಟೈಪ್ ಮಾಡಿಕೊಟ್ಟಿದ್ದೇನೆ. ಯೋಜನೆಯ ಮಾದರಿಯಲ್ಲಿ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಔಟ್‌ರೀಚ್ ಕಾರ್ಯಕರ್ತರು. ನಮ್ಮ ಶಿವಮೊಗ್ಗ ಜಿಲ್ಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. 7 ತಾಲ್ಲೂಕು, 2011ರ ಜನಗಣತಿಯಂತೆ 17.5 ಲಕ್ಷ ಜನ. ಒಂದು ತುದಿಯಲ್ಲಿ ಆಗುಂಬೆ, ಇನ್ನೊಂದು ಕಡೆ ಸೊರಬದ ಗಡಿ, ನಡುವೆ ಶರಾವತಿ ಹಿನ್ನೀರಿನ ಆಚೆಗೆ ಚದುರಿದ ಮನೆಗಳು. ಮಳೆಗಾಲದಲ್ಲಿ ಹೊಸನಗರದ ಒಂದು ಒಳಹಳ್ಳಿಗೆ ಹೋಗಿ ಬರುವುದೆಂದರೆ ಇಡೀ ದಿನದ ಕೆಲಸ. ಗುತ್ತಿಗೆ ಸಂಬಳದ ನಾಲ್ಕು ಜನರ ಮೇಲೆ ಇಷ್ಟು ಭಾರ ಹೊರಿಸಿ, ಪ್ರತಿ ಮನೆಯಲ್ಲೂ ಸಂಜೆ ಕೂತು ಮಾತಾಡಿ ಬನ್ನಿ ಎಂದರೆ ಅವರೇನು ಮಾಡಿಯಾರು? ಬೀಗ ಕಂಡರೆ ಪಕ್ಕದ ಮನೆಯಲ್ಲಿ ಕೇಳಿ ವರದಿ ಮುಗಿಸುವ ಅಭ್ಯಾಸ ಹುಟ್ಟುವುದು ಈ ಒತ್ತಡದಲ್ಲಿ. ಆ ಅಭ್ಯಾಸದ ಹೊಣೆಯನ್ನು ಆ ನೌಕರರ ತಲೆಗೆ ಕಟ್ಟದೆ ಇಲಾಖೆ ತಾನೇ ಹೊರಬೇಕು.

ಹೊತ್ತು ಎಷ್ಟು ಮುಖ್ಯವೋ ನೋಡುವ ಕಣ್ಣೂ ಅಷ್ಟೇ ಮುಖ್ಯ. 2011ರಲ್ಲಿ ನಾರ್ವೆಯ ಸ್ಟಾವಂಗರ್ ಪಟ್ಟಣದಲ್ಲಿ ಬಂಗಾಳಿ ದಂಪತಿಯ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿನ ಮಕ್ಕಳ ಕಲ್ಯಾಣದವರು ಕರೆದೊಯ್ದದ್ದು ತಮಗೆ ನೆನಪಿರಬಹುದು. ಕೈಯಲ್ಲಿ ಉಣ್ಣಿಸುವುದು, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಅಲ್ಲಿಯವರ ಕಣ್ಣಿಗೆ ತಪ್ಪಾಗಿ ಕಂಡಿತೆಂದು ಹೆತ್ತವರು ಹೇಳಿದಾಗ ಇಡೀ ದೇಶ ಸಿಟ್ಟಿಗೆದ್ದಿತು. ವಿದೇಶಾಂಗ ಇಲಾಖೆ ಮಧ್ಯೆ ಬಂದು, 2012ರ ಏಪ್ರಿಲ್‌ನಲ್ಲಿ ಮಕ್ಕಳು ಭಾರತಕ್ಕೆ ಬಂದರು. 2023ರಲ್ಲಿ ಆ ಕಥೆ ಹಿಂದಿ ಸಿನಿಮಾ ಆಗಿ ನಮ್ಮೂರಿನವರೂ ನೋಡಿ ಕಣ್ಣೀರು ಹಾಕಿದರು. ಆ ತಾಯಿಗಾಗಿ ಮರುಗಿದ ನಾವು ನಮ್ಮ ಬೀದಿಯ ತಾಯಂದಿರ ವಿಷಯದಲ್ಲೂ ಅಷ್ಟೇ ಕಾಳಜಿ ತೋರಿಸಬೇಕು. ಒಂದೇ ಕೋಣೆಯಲ್ಲಿ ಐದು ಜನ ಮಲಗುವುದು, ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ದುಡಿಯಲು ಹೋಗುವುದು ಇಲ್ಲಿಯ ಅಧಿಕಾರಿಯ ಕಣ್ಣಿಗೂ ಕೊರತೆಯಾಗಿ ಕಾಣಬಹುದು. ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಪರ್ಯಾಯ ಪಾಲನೆಯ ಮಾರ್ಗಸೂಚಿ ಸ್ಪಷ್ಟವಾಗಿದೆ: ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬೇರೆ ಮಾಡಬಾರದು. ಬಡತನ ಕಂಡರೆ ಆ ಕುಟುಂಬಕ್ಕೆ ನೆರವು ಬೇಕಾಗಿದೆ ಎಂದು ತಿಳಿಯಬೇಕು.

ನಮ್ಮ ಕಡೆಯ ಬದುಕು ಗೊತ್ತಿಲ್ಲದವರಿಗೆ ಇಲ್ಲಿಯ ಮನೆಗಳು ಅರ್ಥವಾಗುವುದು ಕಷ್ಟ. ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಕಿಲೋ ಲೆಕ್ಕದ ಕೂಲಿ, ಕೂತಷ್ಟು ಹೊತ್ತು ದುಡ್ಡು. ಶಿಕಾರಿಪುರದ ತಾಂಡಾಗಳಿಂದ ಕುಟುಂಬಗಳು ಕಾಫಿ ತೋಟದ ಕೆಲಸಕ್ಕೆ ಹೋದಾಗ ಓದುವ ಮಕ್ಕಳು ಅಜ್ಜ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಭದ್ರಾವತಿಯಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತುಹೋಯಿತು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ 2023ರಲ್ಲಿ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಒಂದು ಕಾಲಕ್ಕೆ ಕಾರ್ಖಾನೆಯ ಸಂಬಳದಲ್ಲಿ ನಿಶ್ಚಿಂತೆಯಿಂದ ಇದ್ದ ಮನೆಗಳಲ್ಲಿ ಈಗ ಗಂಡಸರು ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ, ಹೆಂಗಸರು ಶಿವಮೊಗ್ಗದ ಅಂಗಡಿಗಳಿಗೆ ಬಸ್ಸು ಹತ್ತುತ್ತಾರೆ. ಮಕ್ಕಳು ಮನೆಯಲ್ಲಿ ಒಬ್ಬರೇ ಇರುವ ಹೊತ್ತು ಹೆಚ್ಚಾಗಿದೆ. ಇದನ್ನು ಹೆತ್ತವರ ನಿರ್ಲಕ್ಷ್ಯವೆಂದು ಬರೆದು ಮುಗಿಸಿದರೆ ಯಾವ ಮಗುವಿಗೂ ಪ್ರಯೋಜನವಿಲ್ಲ.

ನನ್ನ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಹೊಡೆತ ಬಡಿತಕ್ಕೆ ಸಿಕ್ಕಿ ಮೈಮೇಲೆ ಬರೆ ಬಿದ್ದ ಮಗು, ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು, ಬಾಲ್ಯವಿವಾಹಕ್ಕೆ ಕೂರಿಸಿದ ಹುಡುಗಿ, ಇವರನ್ನು ಒಂದು ಗಂಟೆಯೂ ತಡಮಾಡದೆ ಆ ಮನೆಯಿಂದ ಹೊರಗೆ ತರಬೇಕು. ಅಲ್ಲಿ ಮುಂಚೆ ಫೋನು ಮಾಡಿ ಹೋಗುವ ಮಾತೇ ಇಲ್ಲ. ಅಂಥ ಮಕ್ಕಳಿಗೆ ಬಾಲಮಂದಿರ ಆಸರೆ, ಅಲ್ಲಿ ಹಗಲಿರುಳು ದುಡಿಯುವ ಆಯಾಗಳ, ಸೂಪರಿಂಟೆಂಡೆಂಟರ ಋಣ ದೊಡ್ಡದು. ಅಪಾಯದಲ್ಲಿರುವ ಮಗುವನ್ನೂ ಬಡತನದಲ್ಲಿರುವ ಮಗುವನ್ನೂ ಬೇರೆ ಬೇರೆಯಾಗಿ ಗುರುತಿಸಲೆಂದೇ ಮನೆ ಭೇಟಿ ಇರುವುದು. ಅವಸರದ ಭೇಟಿಯಲ್ಲಿ ಎರಡೂ ಕಡೆ ಎಡವುತ್ತೇವೆ. ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋದವರಿಗೆ ಅಡುಗೆಮನೆಯ ಮೂಲೆಯಲ್ಲಿ ಹೆದರಿ ಕೂತ ಮಗುವೂ ಕಾಣುವುದಿಲ್ಲ.

ಮನೆ ನೋಡದೆ ಮಗುವನ್ನು ವಾಪಸು ಕಳಿಸುವುದೂ ಅಷ್ಟೇ ಅನ್ಯಾಯ. ಕೋವಿಡ್ ಕಾಲದಲ್ಲಿ ಇದು ನಡೆಯಿತು. ದೇಶದ ಸಂಸ್ಥೆಗಳಲ್ಲಿದ್ದ ಸುಮಾರು 2.27 ಲಕ್ಷ ಮಕ್ಕಳಲ್ಲಿ ಸುಮಾರು 1.45 ಲಕ್ಷ ಮಕ್ಕಳು ಮನೆಗೆ ಮರಳಿದ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂತು. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕರ್ನಾಟಕವೂ ಸೇರಿ 8 ರಾಜ್ಯಗಳಿಗೆ 100 ದಿನದೊಳಗೆ ಸಂಸ್ಥೆಗಳ ಮಕ್ಕಳನ್ನು ಮನೆಗೆ ಕಳಿಸಿ ಎಂದು ಹೇಳಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹಾಗೆ ಮರಳಿದ ಪ್ರತಿ ಮಗುವಿನ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಅದಕ್ಕೂ ಮುಂಚೆ, 2017ರ ಮೇ 5ರಂದು ತಮಿಳುನಾಡಿನ ಅನಾಥಾಲಯಗಳ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ ಒಂದೊಂದು ಮಗುವಿಗೂ ಅದರದೇ ಪಾಲನಾ ಯೋಜನೆ ಇರಬೇಕೆಂದು ಹೇಳಿತ್ತು. ಒಂದೊಂದು ಮಗು, ಒಂದೊಂದು ಮನೆ ಎಂದೇ ನೋಡಬೇಕಾದ ಕೆಲಸ ಇದು. ಮಗು ಇರುವ ಮನೆಗೇ ನೆರವು ಕೊಡುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬಾಲ ಸೇವಾ ಯೋಜನೆ ತಂದು ತಿಂಗಳಿಗೆ 3,500 ಕೊಡಲು ಹೊರಟ ಸರ್ಕಾರ ಇದು. ನೆಂಟರ ಮನೆಯಲ್ಲಿ ಬೆಳೆಯುವ ಮಗುವಿಗೆ ನೆರವು ಕೊಟ್ಟರೆ ಅದು ಅಲ್ಲೇ ನೆಮ್ಮದಿಯಾಗಿ ಬೆಳೆಯುತ್ತದೆ ಎಂಬ ನಂಬಿಕೆ ಆ ಯೋಜನೆಯಲ್ಲಿ ಇತ್ತು. ಅದೇ ನಂಬಿಕೆಯನ್ನು ಬಾಕಿ ಮಕ್ಕಳಿಗೂ ತೋರಿಸಿ ಎಂದು ಕೇಳುತ್ತಿದ್ದೇನೆ.

ನನ್ನ ಬೇಡಿಕೆಗಳು ಇವು.

ಒಂದು: ಮಗು ತಕ್ಷಣದ ಅಪಾಯದಲ್ಲಿ ಇಲ್ಲದಿದ್ದರೆ, ಮನೆ ಭೇಟಿ ಮುಂಚೆ ತಿಳಿಸಿ, ದುಡಿಯುವವರು ಮನೆಯಲ್ಲಿರುವ ಹೊತ್ತಿಗೆ ನಡೆಯಲಿ. ಮನೆಯವರನ್ನೂ ಮಗುವನ್ನೂ ಮಾತಾಡಿಸದ ವರದಿಯನ್ನು ಅಪೂರ್ಣವೆಂದು ಹಿಂದಕ್ಕೆ ಕಳಿಸುವ ಸೂಚನೆ ಇರಲಿ. ಪಕ್ಕದ ಮನೆಯವರ ಮಾತು ಮಾತ್ರ ಆಧಾರವಾಗಬಾರದು. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಶಾಲೆಯ ಶಿಕ್ಷಕರು ಆ ಮಗುವನ್ನು ದಿನವೂ ಬಲ್ಲವರು, ಅವರನ್ನು ಕೇಳಲಿ.

ಎರಡು: ಇಲಾಖೆಯ ಜೀಪು ಬಾಗಿಲಿಗೆ ಬಂದು ನಿಂತರೆ ಇಡೀ ಬೀದಿ ಹೊರಗೆ ಬರುತ್ತದೆ. ಆಮೇಲೆ ಆ ಮನೆಯ ಹೆಣ್ಣುಮಗಳು ತಲೆಯೆತ್ತಿ ನಡೆಯುವುದು ಕಷ್ಟ. ಭೇಟಿ ಸದ್ದುಗದ್ದಲವಿಲ್ಲದೆ ನಡೆಯಲಿ. ಏಕೆ ಬಂದಿದ್ದೇವೆ ಎಂಬುದನ್ನು ಬೀದಿಯವರ ಮುಂದೆ ಹೇಳಬಾರದು.

ಮೂರು: ಭೇಟಿಗೆ ಬರುವವರ ಚೀಲದಲ್ಲಿ ಪ್ರಾಯೋಜಕತ್ವದ ಅರ್ಜಿ ಇರಲೇಬೇಕು. ಅರ್ಹ ಕುಟುಂಬವಾದರೆ ಆ ದಿನವೇ ಭರ್ತಿ ಮಾಡಿಸಲಿ. ಮಗುವನ್ನು ಬಾಲಮಂದಿರದಲ್ಲಿ ಮುಂದುವರಿಸಿ ಎಂದು ಶಿಫಾರಸು ಮಾಡುವ ಪ್ರತಿ ವರದಿಯಲ್ಲೂ ಕುಟುಂಬಕ್ಕೆ ಯಾವ ನೆರವು ಕೊಟ್ಟು ನೋಡಿದೆವು, ಅದು ಏಕೆ ಸಾಲದು ಎಂಬ ವಿವರ ಕಡ್ಡಾಯವಾಗಲಿ.

ನಾಲ್ಕು: ಮನೆಯವರ ಕೈಗೆ ಒಂದು ಹಾಳೆ ಕೊಡಿ. ಬಂದವರ ಹೆಸರು, ಫೋನ್ ನಂಬರು, ಮುಂದೆ ಏನಾಗುತ್ತದೆ, ಸಮಿತಿ ಕೂರುವ ದಿನ ಮತ್ತು ಜಾಗ ಅದರಲ್ಲಿರಲಿ. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು, ಸಮಿತಿಯ ಕೆಲಸದ ಬಗ್ಗೆ ದೂರಿದ್ದರೆ ಜಿಲ್ಲಾಧಿಕಾರಿಗಳಿಗೆ ಕೊಡಬಹುದು, ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ, ಅದರ ಸಹಾಯವಾಣಿ 15100. ಇಷ್ಟನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ. ಮನೆಯಲ್ಲಿ ಲಂಬಾಣಿ, ಉರ್ದು, ತಮಿಳು, ತೆಲುಗು ಆಡುವವರಿಗೆ ಅವರ ಮಾತಿನಲ್ಲಿ ಓದಿ ಹೇಳಲಿ.

ಐದು: ಮಗು ಮನೆಗೆ ಬಂದ ಮೇಲೆ ಅದೇ ಕಾರ್ಯಕರ್ತರು ಮತ್ತೆ ಮತ್ತೆ ಬಂದು ನೋಡಲಿ. ಶಾಲೆಗೆ ಹೋಗುತ್ತಿದೆಯೇ, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತದೆಯೇ, ಪ್ರಾಯೋಜಕತ್ವದ ಹಣ ಖಾತೆಗೆ ಬಂತೇ ಎಂದು ಕೇಳಲಿ. ಒಡಹುಟ್ಟಿದವರನ್ನು ಬೇರೆ ಬೇರೆ ಕಡೆ ಇರಿಸಬೇಕಾಗಿ ಬಂದರೆ ಅವರು ವಾರವಾರ ಭೇಟಿಯಾಗುವ ಏರ್ಪಾಡು ಮಾಡಲಿ.

ಆರು: ಜಿಲ್ಲೆಗೆ ನಾಲ್ಕು ಜನ ಸಾಲದು. ಪ್ರತಿ ತಾಲ್ಲೂಕಿಗೂ ಕನಿಷ್ಠ ಒಬ್ಬ ತರಬೇತಾದ ಸಮಾಜ ಕಾರ್ಯಕರ್ತರನ್ನು ರಾಜ್ಯ ಸರ್ಕಾರ ತನ್ನ ಹಣದಿಂದಲಾದರೂ ನೇಮಿಸಲಿ. ಅವರಿಗೆ ಸಕಾಲಕ್ಕೆ ಸಂಬಳ, ಸಂಜೆಯ ಭೇಟಿಗೆ ವಾಹನ, ಜೊತೆಗೆ ಒಬ್ಬರು ಇರಲಿ. ರಾತ್ರಿ ಕೆಲಸದ ತಾಯಂದಿರು ಹೆಚ್ಚಿರುವ ಊರುಗಳಲ್ಲಿ ಮಕ್ಕಳು ರಾತ್ರಿ ತಂಗಿ ಬೆಳಿಗ್ಗೆ ಶಾಲೆಗೆ ಹೋಗುವಂಥ ಜಾಗವನ್ನು ಪ್ರಯೋಗಕ್ಕಾದರೂ ಶುರು ಮಾಡಿ. ಭದ್ರಾವತಿಯಲ್ಲಿ ಶುರು ಮಾಡಿದರೆ ನಾವು ಸಂತೋಷಪಡುತ್ತೇವೆ.

ಮೊದಲ ಐದಕ್ಕೆ ಹೊಸ ಕಾಯ್ದೆ ಬೇಡ, ತಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಹೊರಟರೆ ಸಾಕು. ಆರನೆಯದಕ್ಕೆ ಮಾತ್ರ ಹಣ ಬೇಕು, ಅದನ್ನು ಬರುವ ಬಜೆಟ್ಟಿನಲ್ಲಿ ಕೇಳಿ ಪಡೆಯಬೇಕಾದವರು ತಾವೇ. ಮಗುವೊಂದನ್ನು ವರ್ಷಗಟ್ಟಲೆ ಸಂಸ್ಥೆಯಲ್ಲಿ ಸಾಕುವ ಖರ್ಚನ್ನೂ ಅದೇ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಬೇಕಾದ ಖರ್ಚನ್ನೂ ಆರ್ಥಿಕ ಇಲಾಖೆಯವರು ಅಕ್ಕಪಕ್ಕದಲ್ಲಿಟ್ಟು ನೋಡಲಿ.

ನನಗೆ ಪ್ರತ್ಯೇಕ ಉತ್ತರ ಬರೆಯಬೇಕಿಲ್ಲ. ಸುತ್ತೋಲೆ ಹೊರಡಿಸಿ, ನಾಲ್ಕನೆಯ ಬೇಡಿಕೆಯ ಹಾಳೆಯನ್ನು ಅಚ್ಚು ಹಾಕಿಸಿ ಜಿಲ್ಲೆಗಳಿಗೆ ಕಳಿಸಿ. ನನ್ನ ಅಂಗಡಿಗೆ ಒಂದು ಪ್ರತಿ ಸಿಕ್ಕರೆ ಅದನ್ನು ಜೆರಾಕ್ಸ್ ಮಾಡಿ, ಮಗುವಿಗಾಗಿ ಅರ್ಜಿ ಬರೆಸಲು ಬರುವ ಪ್ರತಿಯೊಬ್ಬರಿಗೂ ದುಡ್ಡಿಲ್ಲದೆ ಕೊಟ್ಟು, ಓದಿ ಹೇಳುತ್ತೇನೆ. ರಾಜ್ಯದ ತುಂಬ ಇರುವ ನನ್ನಂಥ ಅರ್ಜಿ ಬರಹಗಾರರೂ ಈ ಕೆಲಸಕ್ಕೆ ಕೈಜೋಡಿಸುತ್ತಾರೆಂಬ ಭರವಸೆ ನನಗಿದೆ. ತಾವು ಮೊದಲ ಹೆಜ್ಜೆ ಇಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅರ್ಜಿ ಬರಹಗಾರ
ದುರ್ಗಿಗುಡಿ, ಶಿವಮೊಗ್ಗ